ಹುಡುಗರಿಗೂ ಹುಡುಗಿಯರಿಗೂ ಒಂದೇ ಅಂಗಳದಲ್ಲಿ ಸ್ಕೌಟಿಂಗ್: ಶುರು ಮಾಡುವುದು ಹೇಗೆ?

ಜೂನ್ ಬಂತೆಂದರೆ ಫೋನ್ ಶುರು. ಗುಬ್ಬಿಯಿಂದ ಒಬ್ಬರು, ಕೊರಟಗೆರೆ ಕಡೆಯಿಂದ ಇನ್ನೊಬ್ಬರು, ಶಿರಾದಿಂದ ಮತ್ತೊಬ್ಬರು. ಎಲ್ಲರೂ ಶಾಲೆಯ ಮೇಷ್ಟ್ರು, ಮೇಡಂಗಳೇ. ಎಲ್ಲರೂ ಕೇಳುವುದು ಒಂದನ್ನೇ: "ನಮ್ಮಲ್ಲಿ ಗಂಡುಮಕ್ಕಳೂ ಇದ್ದಾರೆ, ಹೆಣ್ಣುಮಕ್ಕಳೂ ಇದ್ದಾರೆ. ಎಲ್ಲರನ್ನೂ ಸೇರಿಸಿ ಒಂದೇ ದಳ ಮಾಡಬಹುದಾ?"

ಕಾಗದದ ಮೇಲೆ ಆಗುವುದಿಲ್ಲ, ಅಂಗಳದಲ್ಲಿ ಆಗುತ್ತದೆ. ಈ ಉತ್ತರವನ್ನೇ ಬಿಡಿಸಿ ಬರೆಯೋಣ ಎಂದು ಕೂತಿದ್ದೇನೆ. ತುಮಕೂರು ಜಿಲ್ಲೆಯ ಹೈಸ್ಕೂಲನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಕೋಲಾರ, ಚಿಕ್ಕಬಳ್ಳಾಪುರದವರೂ ಬೆಟ್ಟದ ಹೆಸರು ಬದಲಿಸಿಕೊಂಡರೆ ಸಾಕು.

ಮೊದಲು ಸ್ವಲ್ಪ ಹಿನ್ನೆಲೆ

ನಮ್ಮಲ್ಲಿ ಶಾಲೆಗಳಲ್ಲಿ ನಡೆಯುವುದು ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್. 1950ರ ನವೆಂಬರ್ 7ರಂದು ಹುಟ್ಟಿದ ಸಂಸ್ಥೆ. ಮರುವರ್ಷ ಗೈಡ್ಸ್ ಸಂಸ್ಥೆಯೂ ಬಂದು ಸೇರಿತು. ಹಾಗಾಗಿ ಹುಡುಗರು, ಹುಡುಗಿಯರು ಇಬ್ಬರೂ ಒಂದೇ ಸಂಸ್ಥೆಯವರು. ಆದರೆ ಘಟಕ ಬೇರೆ ಬೇರೆ. ಪ್ರಾಥಮಿಕ ಶಾಲೆಯ ಹುಡುಗರು ಕಬ್, ಹುಡುಗಿಯರು ಬುಲ್‌ಬುಲ್. ಹತ್ತು ವರ್ಷ ದಾಟಿದ ಹುಡುಗರು ಸ್ಕೌಟ್, ಹುಡುಗಿಯರು ಗೈಡ್. ಕಾಲೇಜಿಗೆ ಹೋದರೆ ರೋವರ್ ಮತ್ತು ರೇಂಜರ್. ಎಲ್ಲರಿಗಿಂತ ಚಿಕ್ಕವರಾದ ಬನ್ನಿಗಳು ಮಾತ್ರ ಒಟ್ಟಿಗೇ ಆಡಿಕೊಂಡಿರುತ್ತಾರೆ. ಇಲ್ಲಿ ಬನ್ನಿ ಎಂದರೆ ಮೊಲದ ಮರಿ, ಯಾರನ್ನೂ ಕರೆದದ್ದಲ್ಲ.

ಈ ಬೇರ್ಪಡೆ ಯಾಕೆ ಅಂತ ಕೇಳುತ್ತಾರೆ. 1909ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್‌ನಲ್ಲಿ ಸ್ಕೌಟ್ ಹುಡುಗರ ದೊಡ್ಡ ರ‍್ಯಾಲಿ ನಡೆಯಿತು. ಅಲ್ಲಿಗೆ ಒಂದಷ್ಟು ಹುಡುಗಿಯರು, ಯಾರೂ ಕರೆಯದಿದ್ದರೂ, ತಾವೇ ಬಂದು ನಿಂತರು. ಸ್ಕೌಟಿಂಗ್ ಶುರು ಮಾಡಿದ ಬೇಡನ್ ಪೊವೆಲ್ ಆ ಹುಡುಗಿಯರನ್ನು ಸ್ಕೌಟ್ ದಳಕ್ಕೆ ಸೇರಿಸಲಿಲ್ಲ. ಮರುವರ್ಷ ಗೈಡ್ಸ್ ಎಂಬ ಬೇರೆ ಸಂಸ್ಥೆ ಬಂತು, ಬೇಡನ್ ಪೊವೆಲ್ ತಂಗಿ ಆಗ್ನೆಸ್ ಅದನ್ನು ನೋಡಿಕೊಂಡರು. ಅಲ್ಲಿಂದ ಬಂದ ದಾರಿ ಇದು. ನಮ್ಮ ಸಂಸ್ಥೆ ಜಾಗತಿಕ ಸ್ಕೌಟ್ ಒಕ್ಕೂಟಕ್ಕೂ ಸದಸ್ಯ, ಜಾಗತಿಕ ಗೈಡ್ ಒಕ್ಕೂಟಕ್ಕೂ ಸದಸ್ಯ. ಹಾಗಾಗಿ ಲೆಕ್ಕವೂ ಎರಡು.

ಬೇರೆ ದೇಶಗಳು ಬೇರೆ ದಾರಿ ಹಿಡಿದವು. ಬ್ರಿಟನ್ನಿನ ಸ್ಕೌಟ್ ಸಂಸ್ಥೆ 1976ರಲ್ಲಿ ದೊಡ್ಡ ವಯಸ್ಸಿನ ಹುಡುಗಿಯರನ್ನು ಸೇರಿಸಿಕೊಂಡಿತು. 1991ರಲ್ಲಿ ಉಳಿದ ವಿಭಾಗಗಳಿಗೂ ಬಾಗಿಲು ತೆರೆಯಿತು. 2007ರ ಹೊತ್ತಿಗೆ ಎಲ್ಲ ಘಟಕಗಳೂ ಹುಡುಗಿಯರನ್ನು ಸೇರಿಸಿಕೊಳ್ಳಲೇಬೇಕಾಯಿತು. ಅಮೆರಿಕದಲ್ಲಿ 2018ರಲ್ಲಿ ಕಬ್‌ಗಳಿಗೆ, 2019ರಲ್ಲಿ ದೊಡ್ಡವರಿಗೆ ಹುಡುಗಿಯರು ಬಂದರು. ಅಲ್ಲೂ ದೊಡ್ಡ ಮಕ್ಕಳಿಗೆ ಶುರುವಿನಲ್ಲಿ ಹುಡುಗಿಯರ ದಳ ಬೇರೆ, ಹುಡುಗರ ದಳ ಬೇರೆಯೇ ಇತ್ತು. ಎರಡೂ ಒಂದೇ ಜಾಗದಲ್ಲಿ, ಒಬ್ಬರಿಗೊಬ್ಬರು ಜೋಡಿಯಾಗಿ ನಡೆಯುತ್ತಿದ್ದವು. ನಾನು ನಿಮಗೆ ಹೇಳಹೊರಟಿರುವುದೂ ಹೆಚ್ಚುಕಡಿಮೆ ಅದನ್ನೇ.

ಹಂತ 1: ನಾಯಕರು ಇಬ್ಬರು ಸಿಕ್ಕ ಮೇಲೆ ಮುಂದಿನ ಮಾತು

ಹುಡುಗರಿಗೆ ಸ್ಕೌಟ್ ಮಾಸ್ಟರ್. ಹುಡುಗಿಯರಿಗೆ ಗೈಡ್ ಕ್ಯಾಪ್ಟನ್, ಇವರು ಮಹಿಳೆಯೇ ಆಗಿರಬೇಕು. ಇದರಲ್ಲಿ ರಿಯಾಯಿತಿ ಇಲ್ಲ, ಕೇಳಲೂ ಬೇಡಿ.

"ನಮ್ಮ ಶಾಲೆಯಲ್ಲಿ ಆಸಕ್ತಿ ಇರೋದು ನನಗೊಬ್ಬನಿಗೇ ಸಾರ್" ಎನ್ನುವವರು ಜಾಸ್ತಿ. ಅಂಥವರು ಪಕ್ಕದ ಪ್ರಾಥಮಿಕ ಶಾಲೆಯ ಮೇಡಂ ಒಬ್ಬರನ್ನು ಕೇಳಿ. ಅದೇ ಊರಿನಲ್ಲಿ ಹಿಂದೆ ಗೈಡ್ ಆಗಿದ್ದ, ಈಗ ಡಿಗ್ರಿ ಮುಗಿಸಿರುವ ಹುಡುಗಿ ಇರಬಹುದು, ಆಕೆಯನ್ನು ಹುಡುಕಿ. ಯಾರೂ ಸಿಗದಿದ್ದರೆ ಈ ವರ್ಷ ಸ್ಕೌಟ್ ದಳ ಮಾತ್ರ ಶುರು ಮಾಡಿ, ಗೈಡ್ಸ್ ಮುಂದಿನ ವರ್ಷಕ್ಕೆ. ಸುಮ್ನೆ ಒಬ್ಬ ಮೇಡಂ ಹೆಸರು ಬರೆದು, ಅವರು ಒಂದು ದಿನವೂ ಅಂಗಳಕ್ಕೆ ಬಾರದೆ, ನೀವೇ ಎಲ್ಲ ನಡೆಸುವುದು ಇದೆಯಲ್ಲ, ಅದು ಬೇಡವೇ ಬೇಡ. ಹಾಗೆ ನಡೆಯುವ ಶಾಲೆಗಳಿವೆ. ಏನಾದರೂ ಎಡವಟ್ಟಾದ ದಿನ ಮಕ್ಕಳಿಗೂ ಯಾರಿಲ್ಲ, ನಿಮಗೂ ಯಾರಿಲ್ಲ.

ಇಬ್ಬರೂ ಬೇಸಿಕ್ ಕೋರ್ಸ್ ಮಾಡಿಕೊಳ್ಳಬೇಕು. ಅದು ಶಿಬಿರದಲ್ಲೇ ಉಳಿದು ಕಲಿಯುವ ಆರಂಭದ ತರಬೇತಿ. ನಮ್ಮ ಕಡೆಯವರಿಗೆ ದೊಡ್ಡಬಳ್ಳಾಪುರದ ತರಬೇತಿ ಕೇಂದ್ರ ಹತ್ತಿರ. ಜೊತೆಗೆ ಸೇಫ್ ಫ್ರಮ್ ಹಾರ್ಮ್ ಎಂಬ ಮಕ್ಕಳ ಸುರಕ್ಷತೆಯ ತರಬೇತಿಯನ್ನೂ ಇಬ್ಬರೂ ಮುಗಿಸಿ. ಶಿಬಿರದಲ್ಲಿ ದೊಡ್ಡವರು ಹೇಗೆ ನಡೆದುಕೊಳ್ಳಬೇಕು, ಮಗು ದೂರು ತಂದರೆ ಏನು ಮಾಡಬೇಕು ಎಂಬುದೆಲ್ಲ ಅದರಲ್ಲಿದೆ.

ಹಂತ 2: ನೋಂದಣಿ

ಸ್ಕೌಟ್ ದಳಕ್ಕೊಂದು ಅರ್ಜಿ, ಗೈಡ್ ದಳಕ್ಕೊಂದು ಅರ್ಜಿ. ಮುಖ್ಯಶಿಕ್ಷಕರ ಸಹಿ, ನಾಯಕರ ವಿವರ, ಮಕ್ಕಳ ಪಟ್ಟಿ, ಶುಲ್ಕ. ಪ್ರತಿ ವರ್ಷ ನವೀಕರಣ. ಒಂದು ಎಚ್ಚರಿಕೆ: ತುಮಕೂರು ಕಂದಾಯ ಜಿಲ್ಲೆ ಒಂದೇ ಆದರೂ ಶೈಕ್ಷಣಿಕ ಜಿಲ್ಲೆ ಎರಡು. ಮಧುಗಿರಿ, ಕೊರಟಗೆರೆ, ಶಿರಾ, ಪಾವಗಡದವರು ಮಧುಗಿರಿ ಶೈಕ್ಷಣಿಕ ಜಿಲ್ಲೆಗೆ ಸೇರುತ್ತಾರೆ. ನಿಮ್ಮ ಅರ್ಜಿ ಎಲ್ಲಿಗೆ ಹೋಗಬೇಕು ಎಂದು ಬಿಇಒ ಕಚೇರಿಯಲ್ಲಿ ಕೇಳಿಕೊಂಡೇ ಹೊರಡಿ. ಪಾವಗಡದಿಂದ ತುಮಕೂರಿಗೆ ಬಂದು ವಾಪಸ್ ಹೋಗುವುದೆಂದರೆ ಒಂದು ದಿನ ಪೂರ್ತಿ ಹಾಳು.

ಒಂಬತ್ತು ಹುಡುಗಿಯರನ್ನು ಸ್ಕೌಟ್ ಪಟ್ಟಿಗೆ ಸೇರಿಸಿ ಸಂಖ್ಯೆ ತುಂಬಿಸಬೇಡಿ. ಮುಂದೆ ಸೋಪಾನ ಪರೀಕ್ಷೆಗೆ ಕಳುಹಿಸುವಾಗ ಅವರೇ ಸಿಕ್ಕಿಹಾಕಿಕೊಳ್ಳುತ್ತಾರೆ. ಸೋಪಾನ ಎಂದರೆ ಮೆಟ್ಟಿಲು. ಪ್ರವೇಶ, ಆಮೇಲೆ ಪ್ರಥಮ, ದ್ವಿತೀಯ, ತೃತೀಯ ಸೋಪಾನ, ಅಲ್ಲಿಂದ ರಾಜ್ಯ ಪುರಸ್ಕಾರ, ಕೊನೆಗೆ ರಾಷ್ಟ್ರಪತಿ ಪುರಸ್ಕಾರ. ಮೆಟ್ಟಿಲುಗಳು ಸ್ಕೌಟಿಗೂ ಗೈಡಿಗೂ ಇವೇ. ಪ್ರತಿಜ್ಞೆಯಲ್ಲಿ ಸ್ಕೌಟ್ ಅಂತ ಇರುವ ಕಡೆ ಗೈಡ್ ಅಂತ ಬರುತ್ತದೆ, ಅಷ್ಟೇ ವ್ಯತ್ಯಾಸ. ನಿಯಮ ಒಂಬತ್ತೂ ಅವೇ. ಹಾಗಿದ್ದ ಮೇಲೆ ಕಲಿಸುವುದನ್ನು ಎರಡೆರಡು ಸಲ ಯಾಕೆ ಮಾಡಬೇಕು, ಅಲ್ವಾ?

ಹಂತ 3: ಪೋಷಕರ ಸಭೆ, ಅದೂ ಹಾಲು ಹಾಕಿದ ಮೇಲೆ

ಒಪ್ಪಿಗೆ ಪತ್ರ ಮಕ್ಕಳ ಕೈಲಿ ಕಳುಹಿಸಿದರೆ ಸಹಿಯಾಗಿ ಬರುತ್ತದೆ. ಆದರೆ ಆ ಸಹಿಗೆ ಬೆಲೆ ಕಮ್ಮಿ. ಎಷ್ಟೋ ಮನೆಗಳಲ್ಲಿ ಅದು ಏನಕ್ಕೆ ಎಂದೇ ಗೊತ್ತಿರುವುದಿಲ್ಲ. ಹುಡುಗಿಯನ್ನು ಚಾರಣಕ್ಕೆ ಕರೆದೊಯ್ಯುವ ಹಿಂದಿನ ದಿನ ತಾತನೋ ದೊಡ್ಡಪ್ಪನೋ ಬೇಡ ಎಂದರೆ ಅಲ್ಲಿಗೆ ಮುಗಿಯಿತು.

ಆದ್ದರಿಂದ ಒಮ್ಮೆ ಕೂರಿಸಿ ಮಾತಾಡಿ. ಸಂಜೆ ಡೈರಿಗೆ ಹಾಲು ಹಾಕಿ ಬರುವ ಹೊತ್ತು ನೋಡಿಕೊಂಡು ಕರೆಯಿರಿ. ಅಮ್ಮಂದಿರೂ ಬರಲಿ ಎಂದು ಒತ್ತಿ ಹೇಳಿ. ಸಭೆಯಲ್ಲಿ ಗೈಡ್ ಕ್ಯಾಪ್ಟನ್ ಮಾತಾಡಲಿ, ನೀವು ಪಕ್ಕದಲ್ಲಿರಿ. ಈ ಆರು ವಿಷಯ ಬಾಯಿಬಿಟ್ಟು ಹೇಳಿ: ಯಾವ ದಿನ, ಎಷ್ಟು ಹೊತ್ತಿಗೆ ಬಿಡುತ್ತೀರಿ, ಹುಡುಗಿಯರ ಜೊತೆ ಯಾವ ಮೇಡಂ ಇರುತ್ತಾರೆ, ರಾತ್ರಿ ಉಳಿಯುವುದಿದ್ದರೆ ಮಲಗುವ ಜಾಗ ಬೇರೆ ಬೇರೆ, ಖರ್ಚು ಎಷ್ಟು, ಬೇಡ ಅನ್ನಿಸಿದರೆ ಮಗು ಯಾವಾಗ ಬೇಕಾದರೂ ಬಿಡಬಹುದು.

ಸಮವಸ್ತ್ರದ ಪ್ರಶ್ನೆ ಬಂದೇ ಬರುತ್ತದೆ. ಗೈಡ್‌ಗೆ ಫ್ರಾಕೇ ಆಗಬೇಕೆಂದಿಲ್ಲ, ಸಲ್ವಾರ್ ಕಮೀಜಿಗೂ ಅವಕಾಶವಿದೆ ಎಂದು ಮೊದಲೇ ಹೇಳಿಬಿಡಿ. ಅರ್ಧ ಆತಂಕ ಅಲ್ಲೇ ಇಳಿಯುತ್ತದೆ. ಬೆಟ್ಟ ಹತ್ತಲೂ ಅದೇ ವಾಸಿ.

ಸಭೆಯಲ್ಲಿ ಯಾರೋ ಒಬ್ಬರು "ಹೆಣ್ಣುಮಕ್ಕಳಿಗೆ ಇದೆಲ್ಲ ಯಾಕೆ?" ಎನ್ನುತ್ತಾರೆ. ವಾದಕ್ಕೆ ಇಳಿಯಬೇಡಿ. ಹಾವು ಕಚ್ಚಿದಾಗ ಏನು ಮಾಡಬೇಕು, ಗಾಯಕ್ಕೆ ಪಟ್ಟಿ ಹೇಗೆ ಕಟ್ಟಬೇಕು ಎಂದು ಕಲಿಯುತ್ತಾರೆ ಎಂದು ಹೇಳಿ. ಹೊಲದ ಊರಿನಲ್ಲಿ ಇದಕ್ಕಿಂತ ಜಾಸ್ತಿ ವಿವರಣೆ ಬೇಕಾಗಿಲ್ಲ.

ಹಂತ 4: ಪೆಟ್ರೋಲ್ ಬೇರೆ ಇರಲಿ, ಜೋಡಿ ಮಾಡಿ

ಪೆಟ್ರೋಲ್ ಎಂದರೆ ಗಾಡಿಗೆ ಹಾಕುವುದಲ್ಲ. ಆರರಿಂದ ಎಂಟು ಮಕ್ಕಳ ಚಿಕ್ಕ ಗುಂಪು. ಅದಕ್ಕೊಬ್ಬ ಲೀಡರ್, ಅವರಿಗೆ ಕೈಜೋಡಿಸಲು ಒಬ್ಬ ಸೆಕೆಂಡ್. ಎಂಟು ಮಕ್ಕಳ ಇಂಥ ನಾಲ್ಕು ಗುಂಪು ಸೇರಿದರೆ 32 ಜನರ ದಳ. ಸ್ಕೌಟಿಂಗ್ ನಿಂತಿರುವುದೇ ಈ ಚಿಕ್ಕ ಗುಂಪಿನ ಮೇಲೆ.

ಉತ್ಸಾಹ ಇರುವವರು ಇಲ್ಲಿ ಒಂದು ತಪ್ಪು ಮಾಡುತ್ತಾರೆ. "ಸಮಾನತೆ" ಎಂದು ನಾಲ್ಕು ಹುಡುಗರು, ನಾಲ್ಕು ಹುಡುಗಿಯರನ್ನು ಸೇರಿಸಿ ಒಂದೊಂದು ಪೆಟ್ರೋಲ್ ಮಾಡುತ್ತಾರೆ. ಲೀಡರ್ ಯಾರು ಎಂದು ಮಕ್ಕಳನ್ನೇ ಕೇಳಿದರೆ ಸಾಮಾನ್ಯವಾಗಿ ಜೋರಾಗಿ ಮಾತಾಡುವ ಹುಡುಗನ ಹೆಸರು ಬರುತ್ತದೆ. ಹುಡುಗಿ ಸೆಕೆಂಡ್ ಆಗುತ್ತಾಳೆ, ಹಾಜರಿ ಪುಸ್ತಕ ಬರೆಯುತ್ತಾಳೆ. ವರ್ಷದ ಕೊನೆಗೆ ನೋಡಿದರೆ ನಾಲ್ಕೂ ಲೀಡರ್‌ಗಳು ಹುಡುಗರೇ. ಹದಿಮೂರು ಹದಿನಾಲ್ಕರ ವಯಸ್ಸಿನಲ್ಲಿ ಹೀಗಾಗುವುದು ಜಾಸ್ತಿ.

ಹುಡುಗಿಯರ ಪೆಟ್ರೋಲ್ ಹುಡುಗಿಯರದ್ದೇ ಆಗಿದ್ದರೆ ಅಲ್ಲಿ ಲೀಡರ್ ಹುಡುಗಿಯೇ ಆಗಬೇಕು. ಟೆಂಟಿನ ಗೂಟ ಹೊಡೆಯುವವಳೂ ಅವಳೇ, ನಕ್ಷೆ ಹಿಡಿಯುವವಳೂ ಅವಳೇ. ನಿಯಮಕ್ಕೂ ಇದೇ ಸರಿ, ಕಲಿಕೆಗೂ ಇದೇ ಸರಿ. ಸಂಸ್ಥೆಯ ನಿಯಮ ಹಳೆಯದು ಎಂದು ಬೈಯುವವರಿಗೆ ನಾನು ಇದನ್ನೇ ಹೇಳುವುದು. ಈ ಒಂದು ವಿಷಯದಲ್ಲಿ ಅದು ನಮ್ಮ ಕೈ ಹಿಡಿಯುತ್ತದೆ.

ಆಮೇಲೆ ಒಂದು ಸ್ಕೌಟ್ ಪೆಟ್ರೋಲನ್ನು ಒಂದು ಗೈಡ್ ಪೆಟ್ರೋಲ್ ಜೊತೆ ಜೋಡಿ ಮಾಡಿ. ನವಿಲು ಪೆಟ್ರೋಲ್ ಜೊತೆ ಮಲ್ಲಿಗೆ ಪೆಟ್ರೋಲ್, ಹೀಗೆ. ಆಟ, ಅಡುಗೆ, ಚಾರಣ, ಸೇವೆಯ ಕೆಲಸ ಎಲ್ಲ ಈ ಜೋಡಿಯಾಗಿ ನಡೆಯಲಿ. ಎರಡು ತಿಂಗಳಿಗೊಮ್ಮೆ ಜೋಡಿ ಬದಲಿಸಿ. ರೂಢಿಯಲ್ಲಿ ಹುಡುಗರಿಗೆ ಪ್ರಾಣಿಯ ಹೆಸರು, ಹುಡುಗಿಯರಿಗೆ ಹೂವಿನ ಹೆಸರು ಇಡುತ್ತಾರೆ. ನನಗೇನೋ ಹುಲಿಯಂಥ ಹುಡುಗಿಯರೇ ಜಾಸ್ತಿ ಸಿಕ್ಕಿದ್ದಾರೆ.

ಲೀಡರ್‌ಗಳು, ನೀವಿಬ್ಬರು ಸೇರಿ ತಿಂಗಳಿಗೊಮ್ಮೆ ಕೂರಿ. ಇದಕ್ಕೆ ಕೋರ್ಟ್ ಆಫ್ ಆನರ್ ಎನ್ನುತ್ತಾರೆ. ಹೆಸರು ಕೇಳಿ ಹೆದರಬೇಡಿ, ಅದು ಮಕ್ಕಳೇ ತೀರ್ಮಾನ ಮಾಡುವ ಸಭೆ. ಎರಡೂ ದಳಗಳ ಸಭೆಯನ್ನು ಒಟ್ಟಿಗೆ ಮಾಡುವುದಾದರೆ ಮಾತಾಡುವ ಸರದಿ ಕಟ್ಟುನಿಟ್ಟಾಗಿರಲಿ: ಒಬ್ಬ ಗೈಡ್, ಒಬ್ಬ ಸ್ಕೌಟ್, ಮತ್ತೆ ಗೈಡ್. ಇಲ್ಲದಿದ್ದರೆ ಅರ್ಧ ಗಂಟೆ ಇಬ್ಬರು ಹುಡುಗರೇ ಮಾತಾಡಿ ಏಳುತ್ತಾರೆ.

ಹಂತ 5: ವಾರದ ಸಭೆ

ಒಂದೂವರೆ ಗಂಟೆ ಸಾಕು. ಶನಿವಾರ ಅರ್ಧ ದಿನದ ಶಾಲೆ ಮುಗಿದ ಮೇಲೆ ಒಳ್ಳೆಯದು. ಯಾಕೆಂದರೆ ಹಗಲಿನಲ್ಲೇ ಮುಗಿಯುತ್ತದೆ, ದೂರದ ಹಳ್ಳಿಯ ಹುಡುಗಿಯರಿಗೆ ಬಸ್ ಸಿಗುತ್ತದೆ. ಸಭೆಯ ಸಮಯ ಗೊತ್ತು ಮಾಡುವ ಮೊದಲು ಬಸ್ಸಿನ ಸಮಯ ಕೇಳಿ. ಕೊನೆಯ ಬಸ್ ತಪ್ಪಿತು ಎಂದರೆ ಹುಡುಗಿಯರೇ ಮೊದಲು ದಳ ಬಿಡುತ್ತಾರೆ. ಕಾರಣ ಹೇಳುವುದೂ ಇಲ್ಲ, ಸುಮ್ನೆ ಬರುವುದು ನಿಲ್ಲಿಸುತ್ತಾರೆ.

ಧ್ವಜ, ಪ್ರಾರ್ಥನೆ, ಆಟ, ಗಂಟು, ದಿಕ್ಸೂಚಿ, ಹಾಡು ಎಲ್ಲವನ್ನೂ ಒಟ್ಟಿಗೆ ಮಾಡಿ. ರೀಫ್ ನಾಟ್, ಕ್ಲೋವ್ ಹಿಚ್, ಬೋಲೈನ್ ಕಲಿಸುವಾಗ ಗುಂಪಿನಲ್ಲಿ ಮೊದಲು ಕಲಿತವರು ಜೋಡಿ ಪೆಟ್ರೋಲಿಗೆ ಕಲಿಸಲಿ. ಹಸುವಿಗೆ ಹಗ್ಗ ಕಟ್ಟಿ ಬೆಳೆದ ಮಕ್ಕಳಿಗೆ ಅರ್ಧ ಗಂಟು ಮೊದಲೇ ಬರುತ್ತದೆ, ಇಂಗ್ಲಿಷ್ ಹೆಸರು ಗೊತ್ತಿರುವುದಿಲ್ಲ ಅಷ್ಟೇ.

ಆಟದಲ್ಲಿ ಸ್ವಲ್ಪ ಯೋಚನೆ ಬೇಕು. ಕಬಡ್ಡಿಯನ್ನು ಈ ವಯಸ್ಸಿನಲ್ಲಿ ಬೆರೆಸಬೇಡಿ. ಲಗೋರಿ ಬೆರೆಸಿ ಆಡಿಸಬಹುದು, ಚೆನ್ನಾಗಿರುತ್ತದೆ. ಕಿಮ್ಸ್ ಗೇಮ್ ಎಂಬುದೊಂದಿದೆ. ತಟ್ಟೆಯ ಮೇಲೆ ಹತ್ತಾರು ಸಣ್ಣ ವಸ್ತು ಇಟ್ಟು, ಒಂದು ನಿಮಿಷ ತೋರಿಸಿ, ಮುಚ್ಚಿ, ನೆನಪಿನಿಂದ ಬರೆಸುವುದು. ಇಂಥ ಆಟಗಳಲ್ಲಿ ಮೈಬಲದ ಮಾತೇ ಬರುವುದಿಲ್ಲ. ಮೊದಲ ಒಂದು ತಿಂಗಳು ಇವನ್ನೇ ಜಾಸ್ತಿ ಆಡಿಸಿ. ಹುಡುಗರು ವರ್ಸಸ್ ಹುಡುಗಿಯರು ಎಂದು ಮಾತ್ರ ಎಂದೂ ಆಡಿಸಬೇಡಿ. ಗೆದ್ದವರ ಕೂಗು ಮುಂದಿನ ವಾರದವರೆಗೂ ಕ್ಲಾಸಿನಲ್ಲಿ ಇರುತ್ತದೆ. ಒಂದು ಜೋಡಿಯ ವಿರುದ್ಧ ಇನ್ನೊಂದು ಜೋಡಿ, ಹಾಗೆ ಆಡಿಸಿ.

ಪ್ರಥಮ ಚಿಕಿತ್ಸೆ ಬಂದಾಗ ಎಲ್ಲರೂ ತಡವರಿಸುತ್ತಾರೆ. ಒಬ್ಬರ ಮೈ ಇನ್ನೊಬ್ಬರು ಮುಟ್ಟಬೇಕಲ್ಲ! ನಾನು ಮಾಡುವ ಕ್ರಮ ಹೀಗಿದೆ. ಪಾಠ ಒಟ್ಟಿಗೆ. ಅಭ್ಯಾಸ ಮೊದಲು ಹುಡುಗ ಹುಡುಗನಿಗೆ, ಹುಡುಗಿ ಹುಡುಗಿಗೆ. ಪಟ್ಟಿ ಕಟ್ಟುವ ಮೊದಲು "ಕಟ್ಟಲಾ?" ಎಂದು ಕೇಳುವುದು ಕಡ್ಡಾಯ, ಸ್ನೇಹಿತನೇ ಆದರೂ. ಕೇಳದೆ ಕಟ್ಟಿದರೆ ಬಿಚ್ಚಿ ಮತ್ತೆ ಕಟ್ಟಬೇಕು. ಈ ಕೇಳುವ ಅಭ್ಯಾಸ ಕೂತ ಮೇಲೆ, ಮೊಣಕೈ, ಮೊಣಕಾಲು, ಹಣೆಯ ಪಟ್ಟಿಗಳನ್ನು ಬೆರೆತ ಜೋಡಿಯಲ್ಲೂ ಮಾಡಿಸಬಹುದು, ಮಕ್ಕಳಿಗೆ ಒಪ್ಪಿಗೆಯಿದ್ದರೆ ಮಾತ್ರ. ಗಾಯಾಳುವನ್ನು ಹೆಗಲ ಮೇಲೆ ಹೊರುವ ಫೈರ್‌ಮ್ಯಾನ್ಸ್ ಲಿಫ್ಟ್ ಬೆರೆಸಬೇಡಿ. ಅದರ ಬದಲು ಎರಡು ಕೋಲು, ಒಂದು ಕಂಬಳಿಯಿಂದ ಸ್ಟ್ರೆಚರ್ ಮಾಡಿಸಿ. ಹೊರಲು ನಾಲ್ಕು ಜನ ಬೇಕು, ಇಬ್ಬರು ಸ್ಕೌಟ್, ಇಬ್ಬರು ಗೈಡ್. ಹೆಜ್ಜೆ ಒಂದಾಗದಿದ್ದರೆ ಮಲಗಿದವನು ಬೀಳುತ್ತಾನೆ. ಒಬ್ಬರ ಮಾತು ಒಬ್ಬರು ಕೇಳಲೇಬೇಕು.

ಹಂತ 6: ಕೆಲಸದ ಚಕ್ರ

ಉಳಿದದ್ದೆಲ್ಲ ಬಿಟ್ಟರೂ ಇದನ್ನು ಬಿಡಬೇಡಿ.

ನನ್ನ ಮೊದಲ ಜಂಟಿ ಶಿಬಿರದಲ್ಲಿ ನಾನು ಹೇಳಿದ್ದು ಒಂದೇ ಮಾತು: "ಯಾರಿಗೆ ಏನು ಬರುತ್ತೋ ಅದು ಮಾಡಿ." ಎರಡನೇ ದಿನ ಬೆಳಗ್ಗೆ ತಿರುಗಿ ನೋಡಿದರೆ ಒಲೆಯ ಸುತ್ತ ಹುಡುಗಿಯರು, ಟೆಂಟಿನ ಸುತ್ತ ಹುಡುಗರು. ಯಾರೂ ಹಾಗೆ ಹಂಚಿರಲಿಲ್ಲ. ನನ್ನ ಮಾತೇ ಹಂಚಿತ್ತು. ಮನೆಯಲ್ಲಿ ಏನು ಬರುತ್ತಿತ್ತೋ ಅದನ್ನೇ ಮಾಡಿದರು, ಹೊಸದಾಗಿ ಯಾರೂ ಏನೂ ಕಲಿಯಲಿಲ್ಲ.

ಈಗ ನಾನು ಚಕ್ರ ಬಳಸುತ್ತೇನೆ. ಒಂದು ದೊಡ್ಡ ರಟ್ಟಿನ ವೃತ್ತ, ಅದರ ಮೇಲೆ ಒಂದು ಚಿಕ್ಕ ವೃತ್ತ, ನಡುವೆ ಒಂದು ಗುಂಡುಪಿನ್ನು. ಹೊರಗಿನ ವೃತ್ತದಲ್ಲಿ ಕೆಲಸಗಳು: ಅಡುಗೆ, ನೀರು, ಸೌದೆ, ಪಾತ್ರೆ ತೊಳೆಯುವುದು, ಟೆಂಟ್ ಮತ್ತು ಹಗ್ಗ, ಧ್ವಜ, ಶೌಚಾಲಯದ ಸ್ವಚ್ಛತೆ, ಲೆಕ್ಕ ಮತ್ತು ವರದಿ. ಒಳಗಿನ ವೃತ್ತದಲ್ಲಿ ಪೆಟ್ರೋಲ್‌ಗಳ ಹೆಸರು. ಪ್ರತಿ ಊಟಕ್ಕೆ ಒಂದು ಮನೆ ತಿರುಗಿಸುವುದು. ಪೆಟ್ರೋಲ್‌ಗಿಂತ ಕೆಲಸ ಜಾಸ್ತಿಯಾದರೆ ಒಂದು ಮನೆಯಲ್ಲಿ ಎರಡು ಕೆಲಸ ಬರೆಯಿರಿ. ಚಕ್ರವನ್ನು ಮಕ್ಕಳೇ ತಿರುಗಿಸಲಿ, ನೀವು ಕೈ ಹಾಕಬೇಡಿ.

ಚಕ್ರ ಇಟ್ಟರೂ ಮೋಸ ನಡೆಯುತ್ತದೆ. ಹುಡುಗರು ಹುಡುಗಿಯರ ಹತ್ತಿರ ಹೋಗಿ "ನೀವು ಮುದ್ದೆ ಮಾಡಿಕೊಡಿ, ನಾವು ನಿಮ್ಮ ಸೌದೆ ತರ್ತೀವಿ" ಎಂದು ಒಪ್ಪಂದ ಮಾಡಿಕೊಳ್ಳುತ್ತಾರೆ. ಹುಡುಗಿಯರೂ ಒಪ್ಪುತ್ತಾರೆ, ಅವರಿಗೆ ಹುಡುಗರ ಕೈಯ ಮುದ್ದೆ ತಿನ್ನುವ ಆಸೆ ಇರುವುದಿಲ್ಲ. ಒಪ್ಪಬೇಡಿ. ಮೊದಲ ದಿನ ಗಂಟುಗಂಟಾದ ಮುದ್ದೆಯನ್ನೇ ಎಲ್ಲರೂ ಉಣ್ಣಲಿ, ನೀವೂ ಉಣ್ಣಿ. ಮುದ್ದೆ ತೊಳಸಲು ರಟ್ಟೆಬಲ ಬೇಕು ಅಂತ ಹುಡುಗರೇ ಹೇಳುತ್ತಾರಲ್ಲ, ಹಾಗಾದರೆ ಅವರೇ ತೊಳಸಲಿ. ಮೂರನೇ ಊಟಕ್ಕೆ ಸರಿಹೋಗುತ್ತದೆ. ಅದೇ ರೀತಿ ಹುಡುಗಿಯರ ಟೆಂಟ್ ರಾತ್ರಿ ಸಡಿಲವಾದರೆ ಹುಡುಗರನ್ನು ಕರೆಯಬೇಡಿ. ಅವರೇ ಎದ್ದು ಹಗ್ಗ ಬಿಗಿಯಲಿ.

ಸಮಾರಂಭದ ದಿನ ನಾವು ದೊಡ್ಡವರೇ ಜಾರುತ್ತೇವೆ. ಅತಿಥಿಗಳು ಬಂದರೆ ಹೂಗುಚ್ಛ ಕೊಡಲು, ಸ್ವಾಗತ ಗೀತೆಗೆ, ತಟ್ಟೆ ಹಿಡಿಯಲು ಗೈಡ್ಸ್. ಧ್ವಜ ಹಿಡಿಯಲು, ಪಥಸಂಚಲನದ ಮುಂದೆ ನಿಲ್ಲಲು ಸ್ಕೌಟ್ಸ್. ಆಗಸ್ಟ್ 15 ಮತ್ತು ಜನವರಿ 26ಕ್ಕೂ ಇದೇ ಚಕ್ರ ತಿರುಗಲಿ. ಹುಡುಗರೂ ಹೂಗುಚ್ಛ ಕೊಡಲಿ, ಅದರಿಂದ ಯಾರ ಮೀಸೆಯೂ ಮಣ್ಣಾಗುವುದಿಲ್ಲ.

ಹಂತ 7: ಒಂದು ದಿನದ ಚಾರಣ

ಚಾರಣ ಎಂದರೆ ಹೈಕ್. ನಕ್ಷೆ, ದಾರಿಯ ಗುರುತು ನೋಡಿಕೊಂಡು ನಡೆದು, ಬುತ್ತಿ ಉಂಡು, ಸಂಜೆಗೆ ವಾಪಸ್. ತುಮಕೂರಿನ ಹತ್ತಿರದವರಿಗೆ ದೇವರಾಯನದುರ್ಗದ ತಪ್ಪಲಿನ ನಾಮದ ಚಿಲುಮೆ ಒಳ್ಳೆಯ ಗುರಿ. ಆದರೆ ಅದು ಕಾಡು. ಚಿರತೆ, ಕರಡಿ ಇವೆ. ಅರಣ್ಯ ಇಲಾಖೆಗೆ ಮೊದಲೇ ಪತ್ರ ಕೊಟ್ಟು ಅನುಮತಿ ಪಡೆಯಿರಿ, ಕತ್ತಲಾಗುವ ಮುಂಚೆ ಹೊರಬನ್ನಿ, ದಾರಿ ಬಿಟ್ಟು ಒಳಗೆ ಹೋಗಬೇಡಿ. ಮಧುಗಿರಿಯ ಏಕಶಿಲಾ ಬೆಟ್ಟ ನೋಡಲು ಚೆಂದ, ಆದರೆ ಮೇಲಿನ ಭಾಗ ಕಡಿದು. ಮೊದಲ ಚಾರಣಕ್ಕೆ ಬೇಡ, ಮಳೆಗಾಲದಲ್ಲಂತೂ ಯಾವಾಗಲೂ ಬೇಡ.

ದಾರಿ ನೋಡಲು ನೀವಿಬ್ಬರೂ ಒಮ್ಮೆ ಮುಂಚೆ ಹೋಗಿ ಬನ್ನಿ. ಶೌಚಾಲಯ ಎಲ್ಲಿದೆ ಎಂದು ಮೊದಲು ನೋಡಿ, ನೋಟ ಆಮೇಲೆ ನೋಡಿ. ದಾರಿಯಲ್ಲಿ ಒಂದು ಶಾಲೆ ಇದ್ದರೆ ಅಲ್ಲಿನ ಮುಖ್ಯಶಿಕ್ಷಕರನ್ನು ಕೇಳಿ ಭಾನುವಾರ ಕೀ ಸಿಗುವಂತೆ ಮಾಡಿಕೊಳ್ಳಿ. ಶೌಚಾಲಯ ಇಲ್ಲವೆಂದು ಗೊತ್ತಾದರೆ ಹುಡುಗಿಯರು ಬೆಳಗ್ಗೆಯಿಂದ ನೀರೇ ಕುಡಿಯುವುದಿಲ್ಲ. ಮಧ್ಯಾಹ್ನ ತಲೆಸುತ್ತಿ ಕೂರುತ್ತಾರೆ, ಆಗ "ಹೆಣ್ಣುಮಕ್ಕಳಿಗೆ ಶಕ್ತಿ ಇಲ್ಲ" ಎಂದು ಯಾರೋ ಅನ್ನುತ್ತಾರೆ. ತಪ್ಪು ನಮ್ಮದು, ಮಾತು ಅವರಿಗೆ.

ಬಸ್ಸಿನ ಖರ್ಚಿನಲ್ಲೂ ಒಂದು ಸೂಕ್ಷ್ಮ ಇದೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಕೆಎಸ್ಆರ್‌ಟಿಸಿ ಸಾಮಾನ್ಯ ಬಸ್ಸುಗಳಲ್ಲಿ ಹುಡುಗಿಯರಿಗೆ ಟಿಕೆಟ್ ಉಚಿತ. ಹುಡುಗರಿಗೆ ದುಡ್ಡು. ಖಾಸಗಿ ಬಸ್ಸಿನಲ್ಲಿ ಯಾರಿಗೂ ಉಚಿತ ಇಲ್ಲ. ಹಾಗಾಗಿ ಚಾರಣಕ್ಕೆ ತಲಾ ಇಷ್ಟು ಎಂದು ಒಂದೇ ಮೊತ್ತ ಎಲ್ಲರಿಂದ ತೆಗೆದುಕೊಂಡು, ಉಳಿದದ್ದನ್ನು ಎಲ್ಲರ ತಿಂಡಿಗೆ ಹಾಕಿ. ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಎಂದರೆ ಯಾರೂ ಲೆಕ್ಕ ಕೇಳುವುದಿಲ್ಲ. ಆದರೂ ಲೆಕ್ಕ ಬರೆದಿಡಿ. ಆಧಾರ್ ಕಾರ್ಡ್ ಮರೆತ ಹುಡುಗಿ ಒಬ್ಬಳು ಇದ್ದೇ ಇರುತ್ತಾಳೆ, ಅವಳ ಟಿಕೆಟ್ಟಿಗೆ ಸ್ವಲ್ಪ ದುಡ್ಡು ಬೇರೆ ಇಟ್ಟುಕೊಳ್ಳಿ.

ನಡೆಯುವಾಗ ಜೋಡಿ ಪೆಟ್ರೋಲ್‌ಗಳು ಒಟ್ಟಿಗೆ. ನಕ್ಷೆ ಹೋಗುವಾಗ ಒಂದು ಪೆಟ್ರೋಲ್ ಕೈಲಿ, ಬರುವಾಗ ಇನ್ನೊಂದರ ಕೈಲಿ. ವೇಗ ನಿಧಾನವಾಗಿ ನಡೆಯುವವರದ್ದು, ಅದು ಹುಡುಗನೂ ಆಗಿರಬಹುದು. ಒಬ್ಬರು ನಾಯಕರು ಮುಂದೆ, ಒಬ್ಬರು ಹಿಂದೆ.

ಹಂತ 8: ರಾತ್ರಿ ಉಳಿಯುವ ಶಿಬಿರ

ಮೊದಲ ವರ್ಷವೇ ಬೇಡ ಎಂಬುದು ನನ್ನ ಅಭಿಪ್ರಾಯ. ಎರಡು ಚಾರಣ ಸರಿಯಾಗಿ ಮುಗಿದ ಮೇಲೆ ಯೋಚಿಸಿ. ರಾಗಿ ಕೊಯ್ಲಿನ ದಿನಗಳನ್ನು ಬಿಟ್ಟು ದಿನ ಗೊತ್ತು ಮಾಡಿ, ಇಲ್ಲದಿದ್ದರೆ ಅರ್ಧ ಮಕ್ಕಳು ಹೊಲದಲ್ಲಿರುತ್ತಾರೆ. ಡಿಸೆಂಬರ್‌ನಲ್ಲಾದರೆ ತಲಾ ಎರಡು ಹೊದಿಕೆ ಎಂದು ಹೇಳಿ.

ಜಾಗದ ಜೋಡಣೆ ಹೀಗಿರಲಿ. ನಡುವೆ ಧ್ವಜ, ಅಡುಗೆ ಮನೆ, ಕೂರುವ ಅಂಗಳ. ಒಂದು ಬದಿಗೆ ಹುಡುಗಿಯರ ಟೆಂಟ್‌ಗಳು, ಪಕ್ಕದಲ್ಲೇ ಮೇಡಂಗಳ ಟೆಂಟ್. ಎದುರು ಬದಿಗೆ ಹುಡುಗರದ್ದು, ಪಕ್ಕದಲ್ಲಿ ಮೇಷ್ಟ್ರದ್ದು. ಶೌಚಾಲಯ, ಸ್ನಾನದ ಜಾಗ ಬೇರೆ ಬೇರೆ, ಒಳಗಿನಿಂದ ಚಿಲಕ, ದಾರಿಗೆ ದೀಪ. ಶಾಲೆಯ ಕೊಠಡಿಯಲ್ಲೇ ಮಲಗಿಸುವುದಾದರೆ ಎರಡು ತುದಿಯ ಕೊಠಡಿ ಆರಿಸಿ. ದಿನವಿಡೀ ಎಲ್ಲ ಒಟ್ಟಿಗೆ, ದೀಪ ಆರಿದ ಮೇಲೆ ಬೇರೆ. ಇದನ್ನು ಮಕ್ಕಳಿಗೂ ಪೋಷಕರಿಗೂ ಒಂದೇ ಮಾತಿನಲ್ಲಿ ಹೇಳಿ.

ದೊಡ್ಡವರಿಗೂ ನಿಯಮ ಇರಲಿ. ಮಗುವಿನ ಟೆಂಟಿಗೆ ಯಾವ ದೊಡ್ಡವರೂ ಒಬ್ಬರೇ ಹೋಗಬಾರದು. ಮಗುವಿನ ಜೊತೆ ಮಾತಾಡಬೇಕಿದ್ದರೆ ಎಲ್ಲರಿಗೂ ಕಾಣುವ ಜಾಗದಲ್ಲಿ. ಹುಡುಗಿಯರ ರಾತ್ರಿ ಹಾಜರಿ ಮೇಡಂ ತೆಗೆದುಕೊಳ್ಳಲಿ. ಸ್ವಂತ ಮೊಬೈಲಿನಲ್ಲಿ ಮಕ್ಕಳ ಫೋಟೊ ತೆಗೆದು ಸ್ಟೇಟಸ್‌ಗೆ ಹಾಕುವುದು ಬೇಡ. ಶಿಬಿರಕ್ಕೆ ಭೇಟಿ ಕೊಡುವ ಹಳೆಯ ವಿದ್ಯಾರ್ಥಿಗಳು ಊಟ ಮಾಡಿ ಹೊರಡಲಿ, ರಾತ್ರಿ ಉಳಿಯುವುದು ಬೇಡ.

ಪ್ಯಾಡ್‌ಗಳನ್ನು ಪ್ರಥಮ ಚಿಕಿತ್ಸೆ ಪೆಟ್ಟಿಗೆಯಲ್ಲೇ ಇಡಿ, ಬ್ಯಾಂಡೇಜಿನ ಪಕ್ಕ. ಸರ್ಕಾರದ ಶುಚಿ ಯೋಜನೆಯದ್ದು ಬರುತ್ತದೆ ಎಂದು ಕಾಯಬೇಡಿ, ಖರೀದಿಸಿ, ಲೆಕ್ಕದಲ್ಲಿ ಬರೆಯಿರಿ. ಹಾಕಲು ಮುಚ್ಚಳವಿರುವ ಬುಟ್ಟಿ ಬೇಕು. ಪೆಟ್ಟಿಗೆಯ ಪಟ್ಟಿ ಓದುವ ಸರದಿ ಹುಡುಗನಿಗೆ ಬಂದರೆ ಅವನೂ ಆ ಹೆಸರನ್ನು ಓದಲಿ. ಮೊದಲ ಸಲ ನಗು ಬರುತ್ತದೆ. ಎರಡನೇ ಸಲ ಬರುವುದಿಲ್ಲ.

ಶಿಬಿರಾಗ್ನಿ, ಅಂದರೆ ಕ್ಯಾಂಪ್ ಫೈರ್, ನಡೆಯುವ ಸಂಜೆ ಕಿರುನಾಟಕಗಳನ್ನು ಮೊದಲೇ ಒಮ್ಮೆ ನೋಡಿ. ಹುಡುಗ ಸೀರೆ ಉಟ್ಟು ಹೆಂಡತಿಯಾಗಿ, ಕುಡುಕ ಗಂಡ ಹೊಡೆಯುವ ನಾಟಕ ಪ್ರತಿ ವರ್ಷ ಯಾವುದಾದರೊಂದು ಪೆಟ್ರೋಲಿನಿಂದ ಬರುತ್ತದೆ. ಎಲ್ಲರೂ ನಗುತ್ತಾರೆ, ಆದರೆ ಆ ಗುಂಪಿನಲ್ಲಿ ಅದು ಮನೆಯ ಕಥೆಯಾಗಿರುವ ಮಗು ಇರುತ್ತದೆ. ಬೈಯದೆ, ಬೇರೆ ಕಥೆ ಕೊಡಿ.

ಹಂತ 9: ದೂರು ಬಂದರೆ

ಹೆಸರು ಜೋಡಿಸಿ ರೇಗಿಸುವುದು, ಬೋರ್ಡಿನ ಮೇಲೆ ಬರೆಯುವುದು ನಡೆಯುತ್ತದೆ. ಅದಕ್ಕೆ ಬೆದರಿ ದಳಗಳನ್ನು ಬೇರೆ ಮಾಡಬೇಡಿ. ಬರೆದವರನ್ನು ಕರೆದು ಮಾತಾಡಿ, ಬರೆಸಿಕೊಂಡವರನ್ನು ಮನೆಗೆ ಕಳುಹಿಸಬೇಡಿ. ನಮ್ಮಲ್ಲಿ ಆಗುವುದು ಉಲ್ಟಾ: ಯಾರೋ ಹುಡುಗ ಏನೋ ಅಂದ ಎಂದು ಹುಡುಗಿಯನ್ನೇ ದಳ ಬಿಡಿಸುತ್ತಾರೆ.

ಮೈ ಮುಟ್ಟಿದ, ಹಿಂಸೆ ಕೊಟ್ಟ ದೂರು ಬೇರೆಯೇ ಮಟ್ಟದ್ದು. ಆರೋಪ ಹುಡುಗನ ಮೇಲಿರಲಿ, ನಿಮ್ಮ ಸಹೋದ್ಯೋಗಿಯ ಮೇಲಿರಲಿ, ದೂರು ಹುಡುಗನದ್ದಿರಲಿ, ಹುಡುಗಿಯದ್ದಿರಲಿ, ದಾರಿ ಒಂದೇ. ಲೈಂಗಿಕ ದೌರ್ಜನ್ಯದಿಂದ ಮಕ್ಕಳನ್ನು ಕಾಪಾಡುವ 2012ರ ಪೋಕ್ಸೊ ಕಾಯ್ದೆ 18 ವರ್ಷದೊಳಗಿನ ಎಲ್ಲ ಮಕ್ಕಳಿಗೂ ಅನ್ವಯ. ವಿಷಯ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು, ಮುಚ್ಚಿಟ್ಟರೆ ಅದೇ ಅಪರಾಧ. ನೀವು ವಿಚಾರಣೆ ಮಾಡಬೇಡಿ, ಇಬ್ಬರನ್ನೂ ಎದುರು ನಿಲ್ಲಿಸಬೇಡಿ, ಊರಿನ ಹಿರಿಯರನ್ನು ಕೂರಿಸಿ ಪಂಚಾಯ್ತಿ ಮಾಡಿ ಮುಗಿಸಬೇಡಿ. ಮಗು ಹೇಳಿದ್ದನ್ನು ಅದರ ಮಾತಿನಲ್ಲೇ ಬರೆದುಕೊಳ್ಳಿ. ತುರ್ತಾದರೆ 112. ಮಕ್ಕಳ ಸಹಾಯವಾಣಿ 1098. ಈ ಎರಡು ಸಂಖ್ಯೆ ಪ್ರತಿ ಮಗುವಿನ ಡೈರಿಯ ಮೊದಲ ಪುಟದಲ್ಲಿರಲಿ.

ಹಂತ 10: ವರ್ಷದ ಲೆಕ್ಕ

ಫೆಬ್ರವರಿ 22, ಬೇಡನ್ ಪೊವೆಲ್ ಹುಟ್ಟಿದ ದಿನ. ಎಸ್ಎಸ್ಎಲ್‌ಸಿ ಮಕ್ಕಳು ಪರೀಕ್ಷೆಯ ಗುಂಗಿಗೆ ಹೋಗಿರುತ್ತಾರೆ, ಎಂಟು ಮತ್ತು ಒಂಬತ್ತನೇ ಕ್ಲಾಸಿನವರನ್ನು ಕೂರಿಸಿಕೊಳ್ಳಿ. ಪೆಟ್ರೋಲ್‌ಗಳ ಡೈರಿ ತೆಗೆದು ಎಣಿಸಿ: ಈ ವರ್ಷ ಧ್ವಜ ಯಾರು ಎಷ್ಟು ಸಲ ಏರಿಸಿದರು, ಅಡುಗೆ ಯಾರು ಎಷ್ಟು ಸಲ ಮಾಡಿದರು, ನಕ್ಷೆ ಯಾರ ಕೈಲಿತ್ತು, ಮೈಕ್ ಯಾರ ಕೈಲಿತ್ತು, ಮಧ್ಯದಲ್ಲಿ ದಳ ಬಿಟ್ಟವರು ಯಾರು. ಸ್ಕೌಟ್ ಒಂದು ಸಾಲು, ಗೈಡ್ ಒಂದು ಸಾಲು. ಎಣಿಸುವುದು ಮಕ್ಕಳೇ. ಬಿಟ್ಟುಹೋದವರ ಸಾಲಿನಲ್ಲಿ ಗೈಡ್‌ಗಳೇ ಜಾಸ್ತಿ ಇದ್ದರೆ ಅವರ ಮನೆಗಳಿಗೆ ಗೈಡ್ ಕ್ಯಾಪ್ಟನ್ ಒಮ್ಮೆ ಹೋಗಿ ಬರಲಿ. ಸಾಮಾನ್ಯವಾಗಿ ಸಿಗುವ ಕಾರಣ ಬಸ್ಸು ಅಥವಾ ಶೌಚಾಲಯ, ಎರಡೂ ಮುಂದಿನ ಜೂನ್ ಒಳಗೆ ಸರಿಪಡಿಸಬಹುದಾದವು.

ಆ ಹಾಳೆಯನ್ನು ಕೆಲಸದ ಚಕ್ರದ ಜೊತೆ ಟೆಂಟಿನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ. ಕೀ ಎರಡು ಮಾಡಿಸಿ, ಒಂದು ಒಂಬತ್ತನೇ ಕ್ಲಾಸಿನ ಗೈಡ್ ಲೀಡರ್ ಹತ್ತಿರ, ಇನ್ನೊಂದು ಸ್ಕೌಟ್ ಲೀಡರ್ ಹತ್ತಿರ.